ಚನ್ನಪಟ್ಟಣದ ಮನೆಯನ್ನು ತೋರಿಸಿದ ಬಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರಷ್ಟೆ. ಮನೆ ಮಾರಿ ನೋಡು ಎಂಬ ಮಾತನ್ನು ಅವರು ಸೇರಿಸಲಿಲ್ಲ. ಕಟ್ಟಿದ ಮನೆಯನ್ನು ಮಾರುವ ಪ್ರಸಂಗವು ಅವರ ಕಾಲದಲ್ಲಿ ವಿರಳವಾಗಿದ್ದುದೇ ಇದಕ್ಕೆ ಕಾರಣವಿರಬೇಕು. ಅದರಲ್ಲಿಯೂ ಕೊಳ್ಳುವವರು ಹೊಸ್ತಿಲನ್ನು ತುಳಿಯದೆ, ಮಾರುವವರು ಅವರ ಮುಖವನ್ನು ಎದುರಿಗೆ ಕಾಣದೆ, ಅಂಗೈಯಗಲದ ಒಂದು ಮೊಬೈಲು ಫೋನಿನ ಮೂಲಕ ಮನೆಯ ವ್ಯಾಪಾರವು ಕುದುರುವ ಕಾಲವೊಂದು ಬರುವುದೆಂದು ಯಾರು ತಾನೆ ಎಣಿಸಿದ್ದರು? 2020ನೆಯ ಇಸವಿಯ ಕೊರೋನಾ ಜಾಡ್ಯದ ದಿನಗಳಲ್ಲಿ ನಮಗೆ ಅಂತಹ ಪ್ರಸಂಗವು ಒದಗಿತು. ಅದೇ ನೆಪದಿಂದ ನಮ್ಮ ಸೀಮೆಯ ನಾಲ್ಕು ಊರುಗಳನ್ನೂ ಸಾವಧಾನವಾಗಿ ಮತ್ತೊಮ್ಮೆ ನೋಡುವಂತಾಯಿತು. ಗೃಹಸ್ಥರಾದ ವಾಚಕರಿಗೆ ಕಿಂಚಿತ್ತಾದರೂ ಉಪಯೋಗವಾದೀತೆಂಬ ಆಶೆಯಿಂದ ಆ ಸಂಗತಿಯನ್ನು ಇಲ್ಲಿ ನಿವೇದಿಸುತ್ತೇವೆ.

ಬೆಂಗಳೂರಿನಿಂದ ಪಡುವಲಿಗೂ ತೆಂಕಲಿಗೂ ಹೊರಟರೆ ಸಿಕ್ಕುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯೆನಿಸಿದುವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಹೆಸರು ಏನೇ ಆಗಲಿ, ಸೀಮೆಯ ಸ್ವರೂಪವು ಒಂದೇ. ಎತ್ತ ತಿರುಗಿದರೂ ಬೋಳು ಬಂಡೆಯ ಬೆಟ್ಟಗಳು, ಅವುಗಳ ಮಡಿಲಲ್ಲಿ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಮಾವಿನ ತೋಪು, ತೆಂಗು. ಇಲ್ಲಿಯ ಕೆಂಪು ಛಾಯೆಯ ಕಣಶಿಲೆಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಶಿಲೆಯೆಂದು ಕರೆಯುವರು. ಕ್ಲೋಸ್‌ಪೇಟೆಯೆಂಬುದು ರಾಮನಗರದ ಹಳೆಯ ಹೆಸರು. ಅದರ ವಯಸ್ಸು ಸುಮಾರು 250 ಕೋಟಿ ವರ್ಷಗಳೆಂದು ಅವರ ಲೆಕ್ಕ. ಈ ಸೀಮೆಯ ಹಳೆಯ ಮನೆಗಳಲ್ಲಿ ಕಂಬ, ಚಪ್ಪಡಿ, ಜಗಲಿ, ಒಗೆಯುವ ಬಂಡೆ ಎಲ್ಲವೂ ಕಲ್ಲೇ.

ನಮ್ಮ ತಂದೆಯವರು 1974ರಲ್ಲಿ ಚನ್ನಪಟ್ಟಣದಲ್ಲಿ ಕಟ್ಟಿಸಿದ ಮನೆಯೂ ಅಂತಹುದೇ. ಮೂವತ್ತಡಿ ಅಗಲ, ಐವತ್ತಡಿ ಉದ್ದದ ನಿವೇಶನ. ಕಲ್ಲು ಚಪ್ಪಡಿಯ ಮಾಳಿಗೆ. ಒಂದು ನಡುಮನೆ, ಎರಡು ಕೋಣೆ, ಅಡುಗೆಮನೆ, ಬಚ್ಚಲು. ಹಿತ್ತಲಲ್ಲಿ ಎರಡು ತೆಂಗು, ಒಂದು ಕರಿಬೇವು. ತಂದೆಯವರು 2018ರಲ್ಲಿ ಉಯಿಲನ್ನು ಬರೆಯದೆ ತೀರಿಕೊಂಡರು. ಅದು ಅವರ ಸ್ವಯಾರ್ಜಿತವಾದುದರಿಂದ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ನಮ್ಮ ತಾಯಿಯವರಿಗೂ ಮಕ್ಕಳಾದ ಮೂವರಿಗೂ ಸಮಪಾಲು ಬರತಕ್ಕದ್ದಾಗಿತ್ತು. ಅಣ್ಣನವರು ಕನಕಪುರದ ಬಳಿ ರೇಷ್ಮೆ ಹುಳು ಸಾಕುವವರು, ತಂಗಿಯನ್ನು ಮಾಗಡಿಗೆ ಕೊಟ್ಟಿದೆ, ನಾವು ರಾಮನಗರದಲ್ಲಿದ್ದೇವೆ. ಎಪ್ಪತ್ತನಾಲ್ಕು ವರ್ಷದ ತಾಯಿಯವರು ಒಬ್ಬರೇ ಅಷ್ಟು ದೊಡ್ಡ ಮನೆಯಲ್ಲಿರುವುದು ಸರಿಯಲ್ಲವೆಂದು ಎಲ್ಲರೂ ಕೂಡಿ 2020ರ ಸಂಕ್ರಾಂತಿಯಲ್ಲಿ ಮನೆಯನ್ನು ಮಾರುವುದೆಂದು ನಿಶ್ಚಯಿಸಿದೆವು. ತಾಯಿಯವರು ಒಪ್ಪಿದರು, ಆದರೆ ಅಂದು ರಾತ್ರಿ ಅವರು ಊಟ ಮಾಡಲಿಲ್ಲ.

ಮಾರ್ಚಿ 22ರಂದು ಜನತಾ ಕರ್ಫ್ಯೂ ಆಯಿತು; 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ನಾವು ಅದಕ್ಕೆ ಮುಂಚೆಯೇ ಚನ್ನಪಟ್ಟಣಕ್ಕೆ ಬಂದು ತಾಯಿಯವರ ಜೊತೆಯಲ್ಲಿ ಉಳಿದುಕೊಂಡೆವು. ಮೇ 1ರ ಹೊತ್ತಿಗೆ ಸರಕಾರವು ಮಾಡಿದ ವಿಂಗಡಣೆಯಲ್ಲಿ ರಾಮನಗರ ಜಿಲ್ಲೆಯು ಹಸಿರು ವಲಯದಲ್ಲಿಯೂ ಬೆಂಗಳೂರು ಕೆಂಪು ವಲಯದಲ್ಲಿಯೂ ಸೇರಿದ್ದುವು. ಅರುವತ್ತು ಕಿಲೋಮೀಟರಿನ ದಾರಿ ಸಮುದ್ರದಷ್ಟು ಅಗಲವಾಯಿತು. ಮನೆಯನ್ನು ನೋಡಬೇಕೆಂದಿದ್ದವರೆಲ್ಲರೂ ಬೆಂಗಳೂರಿನಲ್ಲಿಯೇ ಇದ್ದರು. ಇತ್ತ ಅಣ್ಣನವರಿಗೆ ಕೈಯಲ್ಲಿ ಹಣವಿಲ್ಲ. ಚಂದ್ರಿಕೆಗಳ ತುಂಬ ಗೂಡು ಕಟ್ಟಿದ್ದರೂ ಬೆಲೆ ಹತ್ತದೆ ಸಾಲದ ಬಡ್ಡಿ ಬೆಳೆಯುತ್ತಿತ್ತು. ದಿನವೂ ಫೋನು ಮಾಡಿ, “ಏನಾದರೂ ಆಯಿತೇನಪ್ಪ?” ಎಂದು ಕೇಳುವರು. ಆಗ ತಂಗಿಯ ಮಗನು, “ಮಾವ, ವಾಟ್ಸಾಪಿನ ವಿಡಿಯೋ ಕರೆಯಲ್ಲಿ ತೋರಿಸಿಬಿಡಿ” ಎಂದು ಸಲಹೆಯಿತ್ತನು.

ಮೊದಲನೆಯ ಸಲ ನಾವು ತೋರಿಸಿದ ಬಗೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬೆಳಗಿನ ಎಳೆಬಿಸಿಲು ನಡುಮನೆಗೆ ಬೀಳುವ ಹೊತ್ತನ್ನು ಆರಿಸಿಕೊಂಡೆವು. ಅಡುಗೆಮನೆಗೂ ಬಚ್ಚಲಿಗೂ ನಡುವಣ ಗೋಡೆಯಲ್ಲಿ ಬಹುಕಾಲದಿಂದ ತೇವವಿತ್ತು. ಸುಣ್ಣವು ಪದರಪದರವಾಗಿ ಉದುರುತ್ತಿತ್ತು. ಅದರ ಮುಂದೆ ಅಕ್ಕಿಯ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿದೆವು. ಫೋನನ್ನು ಕೋಣೆಯ ಮೂಲೆಯಲ್ಲಿ ಎತ್ತರಕ್ಕೆ ಹಿಡಿದರೆ ಕೋಣೆಯು ದೊಡ್ಡದಾಗಿ ಕಾಣುವುದೆಂಬ ಗುಟ್ಟೂ ತಿಳಿಯಿತು. ಆ ಕಡೆಯಿಂದ ನೋಡುತ್ತಿದ್ದ ಗೃಹಸ್ಥರು ನಡುಮನೆಯನ್ನು ಕಂಡು, “ಇಪ್ಪತ್ತಡಿ ಇದ್ದೀತೆ?” ಎಂದರು. ನಾವು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಮಾರನೆಯ ದಿನ ಅವರು ನಕ್ಷೆಯನ್ನು ಕೇಳಿ ತರಿಸಿಕೊಂಡರು. ಅದರಲ್ಲಿ ಹದಿನಾಲ್ಕಡಿಗೆ ಹನ್ನೆರಡಡಿ ಎಂದಿತ್ತು. ಅವರು ಮತ್ತೆ ಫೋನು ಮಾಡಲಿಲ್ಲ. ಒಂದು ಕಡೆ ಮೋಸವಿದ್ದರೆ ಎಲ್ಲ ಕಡೆಯೂ ಇದ್ದೀತೆಂದು ಅವರು ಎಣಿಸಿದ್ದರೆ ಅದರಲ್ಲಿ ತಪ್ಪೇನು?

ಅಂದು ಸಂಜೆ ತಾಯಿಯವರು ಅಕ್ಕಿಯ ಡಬ್ಬಗಳನ್ನು ಒಂದೊಂದಾಗಿ ಇಳಿಸಿ ಮೊದಲಿನ ಜಾಗದಲ್ಲಿಟ್ಟರು. ಬಳಿಕ, “ಅವರು ಬಂದು ನೋಡುವ ಹಾಗಿದ್ದರೆ ನೀನು ಏನನ್ನಾದರೂ ಮುಚ್ಚಿಕೋ, ಅವರು ಡಬ್ಬ ಸರಿಸಿ ನೋಡಿಕೊಳ್ಳುತ್ತಿದ್ದರು. ಈಗ ಅವರ ಕಣ್ಣು ನಿನ್ನ ಕೈಯಲ್ಲಿದೆಯಲ್ಲಪ್ಪ” ಎಂದರು. ಅಣ್ಣನವರಿಗೆ ಈ ಮಾತು ಹಿಡಿಸಲಿಲ್ಲ. “ಗೋಡೆಯ ತೇವ ಯಾವ ಮನೆಯಲ್ಲಿಲ್ಲ? ಅದನ್ನು ಸಾರಿಕೊಂಡು ತಿರುಗಿದರೆ ಐವತ್ತು ಸಾವಿರ ಹೋಗುತ್ತದೆ, ನಿಮಗೆ ಸಂಬಳ ಬರುತ್ತದೆ, ನನಗೆ ಬರುವುದಿಲ್ಲ” ಎಂದು ಫೋನಿನಲ್ಲಿಯೇ ರೇಗಿದರು. ಅವರ ಕಷ್ಟವೂ ಸುಳ್ಳಲ್ಲ. ನಾವು ಎರಡು ದಿನ ಏನೂ ತೋಚದೆ ಕುಳಿತೆವು.

ಪರಿಚಿತರಾದ ವಕೀಲರೊಬ್ಬರನ್ನು ವಿಚಾರಿಸಲಾಗಿ, 1882ನೆಯ ಇಸವಿಯ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣವನ್ನು ಅವರು ಓದಿ ಹೇಳಿದರು. ಸ್ವತ್ತಿನಲ್ಲಾಗಲಿ ಹಕ್ಕಿನಲ್ಲಾಗಲಿ ಇರುವ ಮುಖ್ಯವಾದ ದೋಷವು ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಮಾನ್ಯವಾದ ಎಚ್ಚರಿಕೆಯಿಂದ ಅವನು ಕಂಡುಕೊಳ್ಳಲಾರದಂತಹುದಾಗಿದ್ದರೆ, ಮಾರುವವನೇ ಅದನ್ನು ತಿಳಿಸತಕ್ಕದ್ದೆಂದು ಅದರ ತಾತ್ಪರ್ಯ. ಮನೆಗೆ ಬಂದವನು ತೇವದ ಗೋಡೆಯನ್ನು ಸಾಮಾನ್ಯ ಎಚ್ಚರಿಕೆಯಿಂದಲೇ ಕಾಣಬಲ್ಲನು. ಬರಲಾರದವನ ಎಚ್ಚರಿಕೆಯೋ ಫೋನು ತಿರುಗಿದ ಕಡೆಗಷ್ಟೇ ಹೋಗುತ್ತದೆ. ಕಾಯಿದೆಯನ್ನು ಓದದಿದ್ದ ತಾಯಿಯವರು ಹೇಳಿದುದೂ ಇದೇ ಎಂದು ನಮಗೆ ಮನವರಿಕೆಯಾಯಿತು.

ಎರಡನೆಯ ಸಲ ನೋಡಿದವರು ಬೆಂಗಳೂರಿನ ಬಸವನಗುಡಿಯಲ್ಲಿ ಬಾಡಿಗೆಗಿದ್ದ ನಿವೃತ್ತ ಉಪಾಧ್ಯಾಯರು ಮತ್ತು ಅವರ ಪತ್ನಿ. ಇಬ್ಬರೂ ಅರುವತ್ತೈದನ್ನು ದಾಟಿದವರು. ಆ ವಯಸ್ಸಿನವರು ಮನೆಯಲ್ಲಿಯೇ ಇರಬೇಕೆಂದು ಸರಕಾರದ ಸೂಚನೆಯಿದ್ದಿತು. “1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಜನ ಇಕ್ಕಟ್ಟನ್ನು ಬಿಟ್ಟು ಗಾಳಿ ಬೆಳಕಿಗಾಗಿ ಬಸವನಗುಡಿ, ಮಲ್ಲೇಶ್ವರಗಳ ಕಡೆಗೆ ಬಂದರಂತೆ. ಈಗ ಬಸವನಗುಡಿಯೇ ಪೇಟೆಯಾಗಿದೆ, ನಾವು ಇನ್ನೂ ಆಚೆಗೆ ಹೊರಟಿದ್ದೇವೆ” ಎಂದು ಮೇಷ್ಟ್ರು ನಕ್ಕರು. ತಾಯಿಯವರು ಫೋನಿನ ಮುಂದೆ ಕುಳಿತು, ಎದುರಿಗೆ ಬಂದ ನೆಂಟರನ್ನು ಕೇಳುವಂತೆಯೇ, “ಊಟವಾಯಿತೇ ಮೇಷ್ಟ್ರೇ?” ಎಂದು ಕೇಳಿದರು.

ಈ ಸಲ ತೇವದ ಗೋಡೆಯಿಂದಲೇ ಪ್ರಾರಂಭ ಮಾಡಿದೆವು. ಉದುರಿದ ಸುಣ್ಣವನ್ನು ಅಂಗೈಯಲ್ಲಿ ಹಿಡಿದು ತೋರಿಸಿದೆವು. ಅಳತೆಯ ಟೇಪನ್ನು ನೆಲದ ಮೇಲೆ ಬಿಡಿಸಿ ಪ್ರತಿಯೊಂದು ಕೋಣೆಯ ಉದ್ದಗಲವನ್ನೂ ಅವರ ಕಣ್ಣೆದುರಿಗೇ ಓದಿದೆವು. ಕೊಳವೆ ಬಾವಿಯ ನೀರನ್ನು ಕೊಡಕ್ಕೆ ಬಿಟ್ಟು, ಅದು ತುಂಬುವವರೆಗೂ ಫೋನನ್ನು ಅಲ್ಲಿಯೇ ಹಿಡಿದೆವು. ಗಡಸು ನೀರಿನಿಂದ ಹಂಡೆಯಲ್ಲಿ ಕಟ್ಟಿದ ಬಿಳಿಯ ಕಿಟ್ಟವನ್ನೂ ತೋರಿಸಿದೆವು. ಬಾಗಿಲು ಮೂಡಲಿಗಿದೆಯೇ ಎಂದು ಅವರು ಕೇಳಲು, ಫೋನಿನಲ್ಲಿದ್ದ ದಿಕ್ಸೂಚಿಯು ಕಬ್ಬಿಣದ ಗೇಟಿನ ಬಳಿ ದಿಕ್ಕುಗೆಟ್ಟು ತಿರುಗಿತು. ಸೂರ್ಯನು ಹುಟ್ಟುವಾಗ ಮತ್ತೊಮ್ಮೆ ಕರೆ ಮಾಡಿ ಆ ಸಂದೇಹವನ್ನು ಪರಿಹರಿಸಿದೆವು. ಮೇಷ್ಟ್ರ ಪತ್ನಿಯವರದು ಬೇರೆಯೇ ಪ್ರಶ್ನೆಗಳು. ಒಲೆಯ ಮುಂದೆ ನಿಂತವರ ನೆರಳು ಪಾತ್ರೆಯ ಮೇಲೆ ಬೀಳುವುದೇ, ಒಗೆದ ಬಟ್ಟೆಗೆ ಬಿಸಿಲೆಷ್ಟು ಹೊತ್ತು, ಬಚ್ಚಲ ನೀರು ಎಲ್ಲಿಗೆ ಹರಿಯುವುದು, ಬೀದಿಯಲ್ಲಿ ಕೋತಿಗಳ ಕಾಟವುಂಟೇ? ನಲವತ್ತಾರು ವರ್ಷ ಆ ಮನೆಯಲ್ಲಿ ಬಾಳಿದ ತಾಯಿಯವರಲ್ಲದೆ ಇವಕ್ಕೆ ಉತ್ತರ ಹೇಳಬಲ್ಲವರು ಯಾರು?

ಆದರೂ ತೋರಿಸಲಾಗದುವು ಎಷ್ಟೋ ಉಳಿದುವು. ಬೇಸಗೆಯ ಮಧ್ಯಾಹ್ನ ಕಲ್ಲು ಹಾಸಿನ ಮೇಲೆ ಮಲಗಿದರೆ ಬೆನ್ನಿಗೆ ತಗಲುವ ತಂಪನ್ನು ಯಾವ ಫೋನು ತೋರಿಸೀತು? ಮಳೆಯ ಮೊದಲ ಹನಿಗೆ ಹಿತ್ತಲ ಮಣ್ಣಿನಿಂದ ಏಳುವ ಕಂಪನ್ನು ತೋರಿಸುವುದೆಂತು? ಗುಣವಾದರೂ ದೋಷವಾದರೂ ಮನೆಯ ಅರ್ಧಭಾಗವು ಕಣ್ಣಿಗೆ ಸೇರಿದುದಲ್ಲವೆಂಬುದನ್ನು ಆಗ ಕಂಡುಕೊಂಡೆವು.

ಗೋಡೆಯ ದುರಸ್ತಿಗೆಂದು ನಲವತ್ತು ಸಾವಿರ ರೂಪಾಯಿಗಳನ್ನು ಕಳೆದು ಬೆಲೆಯು ನಿಷ್ಕರ್ಷೆಯಾಯಿತು. ಕ್ರಯಪತ್ರ, ನಗರಸಭೆಯ ಖಾತೆ, ಕಂದಾಯದ ರಸೀದಿ, ವಂಶವೃಕ್ಷಗಳ ಛಾಯಾಪ್ರತಿಗಳನ್ನು ಕಳುಹಿಸಿದೆವು. ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಮೇಷ್ಟ್ರೇ ಪಡೆದು ತಮ್ಮ ವಕೀಲರಿಗೆ ತೋರಿಸಿಕೊಂಡರು. ಮೇ ತಿಂಗಳ ಮೊದಲ ವಾರದಲ್ಲಿ ಮುಂಗಡವು ಬ್ಯಾಂಕಿಗೆ ಬಂದಿತು. ಅಣ್ಣನವರ ಮುಖ ಕೊಂಚ ಅರಳಿತು.

ಕಥೆ ಇಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಕೆಲವು ದಿನಗಳಲ್ಲಿ ನಿರ್ಬಂಧವು ಸಡಿಲವಾಗಿ, ಒಂದು ಬೆಳಗ್ಗೆ ಪಕ್ಕದ ಮನೆಯಿಂದ ‘ಗುರ್ರ್’ ಎಂಬ ಸದ್ದು ಕೇಳಿಸಿತು. ಚನ್ನಪಟ್ಟಣವೆಂದರೆ ಗೊಂಬೆಯ ಊರೆಂದು ಕನ್ನಡಿಗರೆಲ್ಲರೂ ಬಲ್ಲರು. ಆಲೆ ಮರದ ಬಿಳಿಯ ಕೊರಡನ್ನು ಲೇತಿಗೆ ಸಿಕ್ಕಿಸಿ, ಅದು ತಿರುಗುತ್ತಿರುವಾಗ ಉಳಿಯಿಂದ ರೂಪವನ್ನು ಕೊಟ್ಟು, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಹತ್ತಿಕೊಳ್ಳುವುದು. ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ಈ ಕಸಬು ಲಾಕ್‌ಡೌನಿನಲ್ಲಿ ನಿಂತುಹೋಗಿ ನಮ್ಮ ಬೀದಿಯು ನಿಶ್ಶಬ್ದವಾಗಿದ್ದಿತು. ಮೇಷ್ಟ್ರು ವಿಡಿಯೋದಲ್ಲಿ ಬೀದಿಯನ್ನು ನೋಡಿ, “ಎಷ್ಟು ಪ್ರಶಾಂತವಾಗಿದೆ!” ಎಂದಿದ್ದರು. ಹುಟ್ಟಿದಂದಿನಿಂದ ಆ ಸದ್ದಿನಲ್ಲಿಯೇ ಬೆಳೆದ ನಮಗೆ ಅದು ಹೇಳತಕ್ಕ ಸಂಗತಿಯೆಂದೇ ತೋಚಿರಲಿಲ್ಲ. ನಾವು ಮುಚ್ಚದ ದೋಷವನ್ನು ಜಾಡ್ಯವೇ ಮುಚ್ಚಿಟ್ಟಿತ್ತು!

“ಮುಂಗಡ ಬಂದಾಗಿದೆ, ಸುಮ್ಮನಿರಿ” ಎಂದು ಅಣ್ಣನವರು ಬೇಡಿಕೊಂಡರು. ತಾಯಿಯವರು ತಾವೇ ಫೋನು ಹಿಡಿದು, “ಮೇಷ್ಟ್ರೇ, ಒಂದು ಮಾತು ಹೇಳುವುದು ಮರೆತಿತ್ತು, ಕೇಳಿಸಿಕೊಳ್ಳಿ” ಎಂದು ಕಿಟಕಿಯ ಬಳಿಗೆ ಹೋದರು. ಮೇಷ್ಟ್ರು ಬಹಳ ಹೊತ್ತು ಮಾತನಾಡಲಿಲ್ಲ. ಅವರ ಪತ್ನಿಗೆ ತಲೆಶೂಲೆಯ ಬಾಧೆಯಿದ್ದಿತಂತೆ. ಎರಡು ದಿನ ಅವಕಾಶ ಬೇಕೆಂದರು. ಮರುದಿನ ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಫೋನನ್ನು ಕಿಟಕಿಯ ಮೇಲಿಟ್ಟು, ಇಡೀ ದಿನದ ಸದ್ದನ್ನು ಅವರಿಗೆ ಕೇಳಿಸಿದೆವು. ಯಾವಾಗ ಲೇತು ನಿಲ್ಲುವುದು, ಊಟದ ಬಿಡುವೆಷ್ಟು, ಹಿಂದಿನ ಕೋಣೆಯಲ್ಲಿ ಎಷ್ಟು ಕೇಳಿಸುವುದು ಎಂಬುದನ್ನೆಲ್ಲ ಅವರು ಗುರುತು ಹಾಕಿಕೊಂಡರು. ಆ ಎರಡು ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ರೆಯಿಲ್ಲ. ಮೂರನೆಯ ದಿನ ಮೇಷ್ಟ್ರು, “ಹಿಂದಿನ ಕೋಣೆಯಲ್ಲಿ ಮಲಗುತ್ತೇವೆ. ದುಡಿಯುವವರ ಸದ್ದು; ಸಂಜೆ ನಿಲ್ಲುತ್ತದಲ್ಲ” ಎಂದರು. ಅಣ್ಣನವರು ಮಾತ್ರ ಒಂದು ತಿಂಗಳು ನಮ್ಮೊಡನೆ ಮಾತನಾಡಲಿಲ್ಲ.

ಜೂನ್ ತಿಂಗಳಲ್ಲಿ ಸಂಚಾರಕ್ಕೆ ಅನುಮತಿಯಾಗಲು, ರಿಜಿಸ್ಟ್ರಿಯ ಕಾಗದಗಳಿಗಾಗಿ ಕನಕಪುರಕ್ಕೂ ಮಾಗಡಿಗೂ ನಾವೇ ಹೊರಟೆವು. ರಾಮನಗರದಿಂದ ಕನಕಪುರದ ದಾರಿಯಲ್ಲಿ ಎರಡು ಕಡೆಯೂ ಹಿಪ್ಪುನೇರಳೆಯ ಹಸಿರು. ಕನಕಪುರವು ಅರ್ಕಾವತಿಯ ದಂಡೆಯ ಊರು. ಆ ನದಿಯು ಮುಂದೆ ತೆಂಕಲಿಗೆ ಹರಿದು ಸಂಗಮವೆಂಬಲ್ಲಿ ಕಾವೇರಿಯನ್ನು ಕೂಡುವುದು. ಅಣ್ಣನವರ ಮನೆಯಲ್ಲಿ ಹುಳುಗಳು ನಾಲ್ಕನೆಯ ಜ್ವರವೆದ್ದು ಸೊಪ್ಪು ಮೇಯುವ ಸದ್ದು ಸೋನೆಮಳೆಯಂತೆ ಕೇಳಿಸುತ್ತಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಜಗಲಿಯ ಎರಡು ತುದಿಗಳಲ್ಲಿ ಕುಳಿತೆವು. ಅವರು ಕಾಗದಗಳಿಗೆ ಸಹಿ ಹಾಕಿ, ಕೊನೆಗೆ, “ಅಮ್ಮ ಹೇಗಿದ್ದಾರೆ?” ಎಂದು ಕೇಳಿದರು. ಅದರಿಂದ ಮಾತು ಮತ್ತೆ ಪ್ರಾರಂಭವಾಯಿತು.

ಮಾಗಡಿಯ ದಾರಿಯ ಸೊಬಗೇ ಬೇರೆ. ಸಾವನದುರ್ಗದ ಏಕಶಿಲೆಯ ಬೆಟ್ಟವು ಸಮುದ್ರಮಟ್ಟದಿಂದ 1226 ಮೀಟರು ಎತ್ತರದಲ್ಲಿ ಆನೆ ಮಲಗಿದಂತೆ ಕಾಣುವುದು. ಕೆಂಪೇಗೌಡರ ವಂಶದವರು ಮಾಗಡಿಯಲ್ಲಿ ಆಳುತ್ತಿದ್ದಾಗ ಇದು ಅವರ ಗಿರಿದುರ್ಗ. ಬಳಿಕ ಮೈಸೂರಿನವರದಾಗಿ, 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. ತಂಗಿಯು ಸಹಿ ಹಾಕುವ ಮುನ್ನ, “ಅಣ್ಣ, ಮನೆಯನ್ನು ನನಗೂ ಒಂದು ಸಲ ತೋರಿಸು” ಎಂದಳು. ತಾಯಿಯವರಿಗೆ ಕರೆ ಮಾಡಿದೆವು. ಅವರು ಅಲ್ಲಿ ಫೋನು ಹಿಡಿದು ನಡೆದಂತೆಲ್ಲ ತಂಗಿಯು ಇಲ್ಲಿ ಅಳುತ್ತ ನೋಡಿದಳು. ಕೊಳ್ಳುವವರಿಗೆ ತೋರಿಸಿದ ಮನೆಗೂ ಹುಟ್ಟಿದ ಮಗಳಿಗೆ ತೋರಿಸಿದ ಮನೆಗೂ ಎಷ್ಟು ಅಂತರ! ಬಾಗಿಲ ಚೌಕಟ್ಟಿನಲ್ಲಿ ನಮ್ಮ ಎತ್ತರವನ್ನು ಗುರುತಿಸಿದ ಗೀಟುಗಳನ್ನು ತಾಯಿಯವರು ಮೇಷ್ಟ್ರಿಗೆ ತೋರಿಸಿರಲಿಲ್ಲ. ಮಗಳಿಗೆ ಮೊದಲು ತೋರಿಸಿದ್ದು ಅದನ್ನೇ.

ಜುಲೈ 14ರಿಂದ ಒಂದು ವಾರ ಬೆಂಗಳೂರು ಮತ್ತೆ ಮುಚ್ಚಿದುದರಿಂದ ರಿಜಿಸ್ಟ್ರಿಯು ಮುಂದಕ್ಕೆ ಹೋಯಿತು. ಮನೆಯನ್ನು ದೂರದಿಂದ ತೋರಿಸಬಹುದಾದರೂ, 1908ರ ನೋಂದಣಿ ಕಾಯಿದೆಯಂತೆ ಪತ್ರವನ್ನು ಬರೆದುಕೊಟ್ಟವರು ತಾವಾಗಲಿ, ಅಧಿಕಾರಪತ್ರ ಪಡೆದ ಮುಖ್ತ್ಯಾರರಾಗಲಿ, ಉಪನೋಂದಣಾಧಿಕಾರಿಗಳ ಮುಂದೆ ನಿಲ್ಲಲೇಬೇಕು. ಸೆಪ್ಟೆಂಬರಿನಲ್ಲಿ ಎಲ್ಲರೂ ಸೇರಿದೆವು. ಭಾವಚಿತ್ರಕ್ಕೆಂದು ಮುಖದ ಬಟ್ಟೆಯನ್ನು ಕ್ಷಣಕಾಲ ತೆಗೆದಾಗ, ಐದು ತಿಂಗಳು ಫೋನಿನಲ್ಲಿ ಕಂಡ ಮುಖವನ್ನು ಮೊದಲನೆಯ ಬಾರಿಗೆ ಎದುರಿಗೆ ಕಂಡೆವು.

ಅದಕ್ಕೂ ಮುಂಚೆ, ಬೆಳಗ್ಗೆ ಎಂಟು ಗಂಟೆಗೆ, ಆ ದಂಪತಿಗಳು ಮನೆಗೆ ಬಂದಿದ್ದರು. ಮೇಷ್ಟ್ರು ನೇರವಾಗಿ ಅಡುಗೆಮನೆಗೆ ಹೋಗಿ ತೇವದ ಗೋಡೆಯ ಮೇಲೆ ಅಂಗೈಯಿಟ್ಟು ನೋಡಿ, “ನೀವು ತೋರಿಸಿದಷ್ಟು ಇಲ್ಲವಲ್ಲ!” ಎಂದರು. ಅವರ ಪತ್ನಿ ಚಪ್ಪಲಿ ಬಿಟ್ಟು ಕಲ್ಲುಹಾಸಿನ ಮೇಲೆ ನಿಂತು, “ಎಷ್ಟು ತಂಪಾಗಿದೆ, ಇದನ್ನು ಹೇಳಲೇ ಇಲ್ಲವಲ್ಲಮ್ಮ” ಎಂದರು. ತಾಯಿಯವರು ಅವರಿಗೆ ಅರಿಸಿನ ಕುಂಕುಮ ಕೊಟ್ಟು, ಬೀಗದ ಕೈಯನ್ನು ನಮ್ಮ ಕೈಗೆ ಕೊಡದೆ ಅವರ ಕೈಗೇ ಕೊಟ್ಟರು.

ಅನಂತರ 2021ರಲ್ಲಿ ಎರಡನೆಯ ಅಲೆಯೂ ಬಂದು ಹೋಯಿತು. 2023ರ ಮಾರ್ಚಿಯಲ್ಲಿ ಬೆಂಗಳೂರು ಮೈಸೂರು ಹೆದ್ದಾರಿಯ ಉದ್ಘಾಟನೆಯಾಗಿ, ನಿವೇಶನಗಳನ್ನು ಅರಸುವವರ ಕಾರುಗಳು ನಮ್ಮ ಸೀಮೆಗೆ ಹೆಚ್ಚಾಗಿ ಬರುತ್ತಿವೆ. ರಸ್ತೆಯು ತೆರೆದಿದ್ದರೂ ಮನೆಯನ್ನು ಫೋನಿನಲ್ಲಿ ತೋರಿಸುವ ಪದ್ಧತಿಯು ಉಳಿದುಕೊಂಡಿದೆ. ದೂರದಲ್ಲಿರುವವರಿಗೆ ಅದರಿಂದ ಅನುಕೂಲವೂ ಉಂಟು. ಹಾಗೆ ತೋರಿಸುವ ಗೃಹಸ್ಥರಿಗೆ ನಮ್ಮ ಅನುಭವದ ನಾಲ್ಕು ಮಾತು. ದೋಷವನ್ನು ಮೊದಲು ತೋರಿಸಿರಿ. ಆಮೇಲೆ ಹೇಳುವ ಗುಣಗಳನ್ನು ಅವರು ನಂಬುವರು. ಟೇಪಿನ ಅಳತೆಯನ್ನು ಕಣ್ಣೆದುರಿಗೇ ಹಿಡಿಯಿರಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಸಾಧ್ಯವಾದರೆ ಮಳೆಯಲ್ಲಿ, ಹೀಗೆ ಬೇರೆಬೇರೆ ಹೊತ್ತುಗಳಲ್ಲಿ ತೋರಿಸಿರಿ. ನಿಮಗೆ ರೂಢಿಯಾಗಿ ಹೋಗಿರುವ ಸದ್ದು, ವಾಸನೆಗಳನ್ನು ಹೊರಗಿನವರೊಬ್ಬರಿಂದ ಕೇಳಿ ತಿಳಿದು, ಅವನ್ನೂ ಹೇಳಿರಿ. ಕೊಳ್ಳುವವರಾದರೋ, ಪೂರ್ತಿ ಹಣವನ್ನು ಕೊಡುವ ಮುನ್ನ ಒಂದು ಸಲವಾದರೂ ಆ ನೆಲದ ಮೇಲೆ ಬರಿಗಾಲಿನಲ್ಲಿ ನಿಲ್ಲುವುದು ಲೇಸು.

ತಾಯಿಯವರು ಈಗ ರಾಮನಗರದಲ್ಲಿ ನಮ್ಮೊಡನಿದ್ದಾರೆ. ಕಿಟಕಿಯಿಂದ ರಾಮದೇವರ ಬೆಟ್ಟವು ಕಾಣುವುದು. ಚನ್ನಪಟ್ಟಣದಿಂದ ಒಮ್ಮೊಮ್ಮೆ ಸಂಜೆಯ ಹೊತ್ತು ವಿಡಿಯೋ ಕರೆ ಬರುವುದುಂಟು. ಮೇಷ್ಟ್ರ ಪತ್ನಿಯವರು ಹಿತ್ತಲ ಕರಿಬೇವನ್ನೂ, ಹೊಸದಾಗಿ ನೆಟ್ಟ ಮಲ್ಲಿಗೆಯನ್ನೂ ತೋರಿಸುವರು; ಹಿಂದಿನಿಂದ ಲೇತಿನ ಸದ್ದು ಕೇಳಿಸುವುದು. ತಾಯಿಯವರು ಎಲ್ಲವನ್ನೂ ನೋಡುವರು. ಆದರೆ ಅವರು ಮೊದಲು ಕೇಳುವ ಪ್ರಶ್ನೆ ಒಂದೇ: “ಗೋಡೆ ಒಣಗಿದೆಯೇನಮ್ಮ?”